ಕುಂಟು ಎಲ್ಲಿ ಹೋಯಿತು?

ಹೋದ ಮಳೆಗಾಲದಲ್ಲಿ ಅವ್ವ ಮೊಣಕಾಲು ತೋರಿಸಿಕೊಳ್ಳಲು ಊರಿನಿಂದ ಬಂದು ಎರಡು ತಿಂಗಳು ನಮ್ಮ ಜೊತೆ ಇದ್ದಳು. ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮೊಣಕಾಲಿಗೆ ತಿಕ್ಕಿಕೊಳ್ಳುತ್ತ, ಏನಾದರೂ ಹಚ್ಚು ಅನ್ನುತ್ತಿದ್ದಳು. ಧಾರಾವಾಹಿಗಳು ಅವಳಿಗೆ ಸೇರುವುದಿಲ್ಲ. ಹೀಗಾಗಿ ನಾನು ನೋಡುತ್ತಿದ್ದುದನ್ನೇ ಅವಳೂ ನೋಡಿದಳು: ಕಪ್ಪು-ಬಿಳುಪಿನ ಹಳೆಯ ಕೌಬಾಯ್ ಸಿನಿಮಾಗಳು. ಇಂಗ್ಲಿಷ್ ಒಂದಕ್ಷರ ತಿಳಿಯದ ಅವ್ವನಿಗೆ ಅವು ಹೇಗೆ ಹಿಡಿಸಿದವು ಎಂದು ಕೇಳಬೇಡಿ. ಹನ್ನೆರಡು ದನ ಇದ್ದ ಮನೆಯಲ್ಲಿ ಹುಟ್ಟಿ, ಮದುವೆಯಾಗುವವರೆಗೂ ಅವನ್ನು ಅಡವಿಗೆ ಹೊಡೆದುಕೊಂಡು ಹೋದವಳು ಅವಳು. ತೆರೆಯ ಮೇಲೆ ದನದ ಹಿಂಡು ಧೂಳೆಬ್ಬಿಸಿಕೊಂಡು ಬಂದರೆ ಸಾಕು, ಎಣ್ಣೆ ತಿಕ್ಕುವ ಕೈ ನಿಲ್ಲುತ್ತಿತ್ತು.

ಮೊದಲು ನೋಡಿದ್ದು 1935ರ ‘ಹಾಪಲಾಂಗ್ ಕ್ಯಾಸಿಡಿ’. ಒಂದು ಗಂಟೆಯ ಪುಟ್ಟ ಸಿನಿಮಾ. ಬಿಲ್ ಕ್ಯಾಸಿಡಿ ಎಂಬ ದನಗಾಹಿಯ ಕಾಲಿಗೆ ಗುಂಡು ಬೀಳುತ್ತದೆ, ಆಮೇಲೆ ಅವನು ಕುಂಟುತ್ತ ನಡೆಯುತ್ತಾನೆ. ಇಂಗ್ಲಿಷಿನಲ್ಲಿ ಕುಪ್ಪಳಿಸುತ್ತ ಸಾಗುವುದಕ್ಕೆ ಅನ್ನುವ ಮಾತೇ ಅವನ ಹೆಸರಾಗಿ ನಿಲ್ಲುತ್ತದೆ. ಅವ್ವನಿಗೆ ಅವನು ಹಿಡಿಸಿದ. ಎರಡು ದಿನ ಬಿಟ್ಟು, ಇದೇ ನಾಯಕನ ಇನ್ನೊಂದು ಚಿತ್ರ ಹಾಕಿದೆ. ನಲವತ್ತರ ದಶಕದ್ದು. ಅದೇ ಬಿಳಿಗೂದಲಿನ ಮನುಷ್ಯ ಬಿಳಿ ಕುದುರೆಯಿಂದ ಇಳಿದು, ನೆಟ್ಟಗೆ, ಮದುವಣಿಗನ ಹಾಗೆ ನಡೆದು ಬಂದ.

‘ಏ ತಮ್ಮಾ, ಅಂವಾ ಕುಂಟತಿದ್ನಲ್ಲ, ಆ ಕುಂಟು ಎಲ್ಲಿ ಹೋತು?’ ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರ ಹುಡುಕಿಕೊಂಡು ಹೋದದ್ದರ ಕಥೆ.

ಹಾಪಲಾಂಗ್ ಕ್ಯಾಸಿಡಿಯನ್ನು ಹುಟ್ಟಿಸಿದವನು ಕ್ಲಾರೆನ್ಸ್ ಮಲ್ಫರ್ಡ್. 1883ರಲ್ಲಿ ಇಲಿನಾಯ್ ರಾಜ್ಯದ ಸ್ಟ್ರೀಟರ್ ಎಂಬ ಊರಲ್ಲಿ ಹುಟ್ಟಿದ ಈತ ಬದುಕಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಸರ್ಕಾರಿ ಗುಮಾಸ್ತಿಕೆ, ಮದುವೆಯ ಪರವಾನಗಿ ಕೊಡುವ ಕಚೇರಿಯಲ್ಲಿ. ತಾನು ಬರೆಯುವ ಅಮೆರಿಕದ ಪಶ್ಚಿಮದ ಬಯಲುಗಳನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಅಲ್ಲಿಗೆ ಹೋದದ್ದು 1920ರ ದಶಕದಲ್ಲಿ, ಹೆಸರು ಮಾಡಿದ ಎಷ್ಟೋ ವರ್ಷದ ಮೇಲೆ. ಅಷ್ಟರವರೆಗೆ ಅವನ ಪಶ್ಚಿಮ ಇದ್ದದ್ದು ಕಾರ್ಡುಗಳಲ್ಲಿ. ಬಂದೂಕಿನ ತೂಕ, ಕುದುರೆಯ ಜೀನು, ಬಂಡಿಯ ಚಕ್ರ, ಯಾವ ದಾರಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತದೆ ಎಂಬುದೆಲ್ಲ ಪುಟ್ಟ ರಟ್ಟಿನ ಕಾರ್ಡುಗಳ ಮೇಲೆ ಬರೆದು, ವಿಂಗಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಅಂಥ ಕಾರ್ಡುಗಳು 17,000 ದಾಟಿದ್ದವಂತೆ.

ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ನೋಡದ ಊರಿನ ಬಗ್ಗೆ ಬರೆಯುವಾಗ ಕಲ್ಪನೆಯ ಮೇಲೆ ಭಾರ ಹಾಕಿ ಜಾರಿಕೊಳ್ಳುವುದು ಸುಲಭ. ಮಲ್ಫರ್ಡ್ ಜಾರಿಕೊಳ್ಳಲಿಲ್ಲ. ಹಳೆಯ ಪುಸ್ತಕಗಳನ್ನು ಪುಕ್ಕಟೆ ಓದಲು ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಅವನ 1910ರ ಕಾದಂಬರಿ ‘ಹಾಪಲಾಂಗ್ ಕ್ಯಾಸಿಡಿ’ ಸಿಕ್ಕಿತು, ಮೂರು ರಾತ್ರಿಯಲ್ಲಿ ಓದಿ ಮುಗಿಸಿದೆ. ಪುಸ್ತಕದ ಹಾಪಲಾಂಗ್ ಕೆಂಗೂದಲಿನವನು, ಒರಟ, ಬಾಯಿ ಹರುಕ. ತಂಬಾಕು, ವಿಸ್ಕಿ, ಜೂಜು ಯಾವುದನ್ನೂ ಬಿಟ್ಟವನಲ್ಲ. ಬಂದೂಕಿಗೆ ಕೈ ಹೋಗಲು ಹೊತ್ತು ಹಿಡಿಯುವುದಿಲ್ಲ. ಕಾಲಿಗೆ ಹಿಂದೆ ಯಾವಾಗಲೋ ತಗುಲಿದ ಗುಂಡು ಅವನ ನಡಿಗೆಯನ್ನು ಕಾಯಂ ಆಗಿ ಕೆಡಿಸಿದೆ. ಆ ಕುಂಟನ್ನು ಯಾರೂ ಅಯ್ಯೋ ಪಾಪ ಎಂದು ನೋಡುವುದಿಲ್ಲ, ಅವನೂ ಅದನ್ನು ಮುಚ್ಚಿಡುವುದಿಲ್ಲ. ದುಡಿಯುವವರ ಮೈಮೇಲೆ ಗಾಯ ಇರುವುದು ಸಹಜ ಎಂಬಂತೆ ಅದು ಅವನ ಜೊತೆ ಇರುತ್ತದೆ.

ಕಥೆಯ ಗಂಟು ಮೇವು ನೀರಿನದು. ಬಾರ್-20 ಮತ್ತು ಎಚ್-2 ಎಂಬ ಎರಡು ರಾಂಚುಗಳ, ಅಂದರೆ ದನ ಸಾಕುವ ದೊಡ್ಡ ಜಮೀನುಗಳ, ನಡುವೆ ಗಡಿಯ ತಗಾದೆ. ಈ ಹೆಸರುಗಳೆಲ್ಲ ದನಗಳ ಮೈಮೇಲೆ ಕಾಯಿಸಿದ ಕಬ್ಬಿಣದಿಂದ ಹಾಕುವ ಮುದ್ರೆಗಳು. ಒಂದು ಗೆರೆ ಎಳೆದು ಪಕ್ಕದಲ್ಲಿ ಇಪ್ಪತ್ತು ಎಂದು ಬರೆದರೆ ಅದು ಬಾರ್-20. ಬೇಲಿಯಿಲ್ಲದ ಬಯಲಲ್ಲಿ ಯಾರ ದನ ಯಾರದು ಎಂದು ಹೇಳಲು ಅದೊಂದೇ ಸಾಕ್ಷಿ. ಇದನ್ನು ಅವ್ವನಿಗೆ ವಿವರಿಸಿದಾಗ ಅವಳು, ನಮ್ಮಲ್ಲಿ ಕೊಂಬು ನೋಡಿ, ಹಣೆಯ ಚುಕ್ಕೆ ನೋಡಿ ಹೇಳ್ತಿದ್ವಿ, ಕತ್ತಲಾದರೆ ಗಂಟೆಯ ಸಪ್ಪಳದ ಮೇಲೆ ಹೇಳ್ತಿದ್ವಿ ಅಂದಳು. ಹನ್ನೆರಡು ದನಕ್ಕೆ ಅದು ಸರಿ. ಸಾವಿರಾರು ದನಕ್ಕೆ ಹೆಸರಿಡಲು ಆಗುವುದಿಲ್ಲ, ಮುದ್ರೆಯೇ ಬೇಕು. ಎರಡು ರಾಂಚಿನವರೂ ಗಡಿಗಾಗಿ ಹೊಡೆದಾಡುತ್ತಿರುವಾಗ, ಥಂಡರ್ ಮೇಸಾ ಎಂಬ ಗುಡ್ಡವನ್ನು ಅಡಗುದಾಣ ಮಾಡಿಕೊಂಡು ದನಗಳ್ಳರು ಎರಡೂ ಕಡೆಯ ದನ ಎಗರಿಸುತ್ತಾರೆ. ಒಳಗಿನವನೇ ಒಬ್ಬ ಎರಡೂ ಕಡೆ ಬೆಂಕಿ ಹಚ್ಚುತ್ತಿರುತ್ತಾನೆ.

ಸಿನಿಮಾದವರು ಈ ಗಂಟನ್ನು ಹಾಗೇ ಇಟ್ಟುಕೊಂಡರು. ಕಾದಂಬರಿಯಲ್ಲಿ ಹಾಪಲಾಂಗ್ ಎಚ್-2 ಯಜಮಾನನ ಮಗಳು ಮೇರಿಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಮುಂದಿನ ಪುಸ್ತಕವೊಂದರಲ್ಲಿ ಆ ಹೆಂಡತಿಯೂ ಮಗನೂ ಜ್ವರಕ್ಕೆ ಬಲಿಯಾಗಿರುತ್ತಾರೆ, ಅವನು ಮತ್ತೆ ಒಂಟಿ. ಸಿನಿಮಾದಲ್ಲಿ ಮೇರಿ ಹರೆಯದ ದನಗಾಹಿ ಜಾನಿ ನೆಲ್ಸನ್‌ನ ಪಾಲಿಗೆ ಹೋಗುತ್ತಾಳೆ. ಹಾಪಲಾಂಗ್‌ಗೆ ಪ್ರೀತಿಯೂ ಇಲ್ಲ, ಕಳೆದುಕೊಳ್ಳುವುದೂ ಇಲ್ಲ. ಮೊದಲ ಚಿತ್ರದಲ್ಲೇ ಹೀಗೆ ಅವನಿಂದ ಒಂದೊಂದಾಗಿ ಕಳಚುವುದು ಶುರುವಾಗಿತ್ತು ಎಂದು ಈಗ ಅನಿಸುತ್ತದೆ.

ಇದನ್ನು ತೆಗೆದ ನಿರ್ಮಾಪಕ ಹ್ಯಾರಿ ಶರ್ಮನ್. ಎಲ್ಲರೂ ‘ಪಾಪ್’ ಅನ್ನುತ್ತಿದ್ದರು. ಹಂಚಿಕೆ ಪ್ಯಾರಾಮೌಂಟ್‌ನದು, ನಿರ್ದೇಶನ ಹವರ್ಡ್ ಬ್ರೆದರ್ಟನ್‌ನದು. ಅಮೆರಿಕ ಆಗ ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ಜನರನ್ನು ಥಿಯೇಟರಿಗೆ ಕರೆತರಲು ಮಾಲೀಕರು ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ದೊಡ್ಡ ನಟರ ದೊಡ್ಡ ಚಿತ್ರ ಒಂದು, ಜೊತೆಗೆ ಗಂಟೆಯ ಚಿಕ್ಕದೊಂದು. ದೊಡ್ಡದಕ್ಕೆ ವಸೂಲಿಯಲ್ಲಿ ಪಾಲು, ಚಿಕ್ಕದಕ್ಕೆ ಗೊತ್ತಾದ ಬಾಡಿಗೆ ಅಷ್ಟೆ. ಹಾಗಾಗಿ ಚಿಕ್ಕ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಇಷ್ಟಕ್ಕಿಂತ ಹೆಚ್ಚು ಬರುವುದಿಲ್ಲ, ಎಷ್ಟೇ ಕೆಟ್ಟದಾಗಿದ್ದರೂ ಇಷ್ಟಕ್ಕಿಂತ ಕಡಿಮೆ ಬರುವುದಿಲ್ಲ. ಆದಾಯ ಮೊದಲೇ ಗೊತ್ತಿರುವುದರಿಂದ ಉಳಿಯುವ ದಾರಿ ಒಂದೇ: ಖರ್ಚು ಇಳಿಸುವುದು. ಅಂಥ ಲೆಕ್ಕಾಚಾರದೊಳಗೂ ಶರ್ಮನ್ ಒಂದು ವಿಷಯದಲ್ಲಿ ಜಿಪುಣನಾಗಲಿಲ್ಲ. ಕ್ಯಾಮೆರಾ ಹೊರಗೆ ಒಯ್ದ.

ಲಾಸ್ ಏಂಜಲೀಸ್‌ನಿಂದ ಸುಮಾರು 340 ಕಿ.ಮೀ. ಉತ್ತರಕ್ಕೆ ಲೋನ್ ಪೈನ್ ಎಂಬ ಊರಿದೆ. ಅದರ ಪಕ್ಕದಲ್ಲಿ ಅಲಬಾಮ ಹಿಲ್ಸ್. ಹೆಸರು ಕೇಳಿ ಬೆಟ್ಟ ಅಂದುಕೊಂಡರೆ, ಚಿತ್ರದಲ್ಲಿ ಕಂಡದ್ದು ಹಂಪಿ. ಅದೇ ಗುಂಡುಗುಂಡಾದ ಬಂಡೆಗಳು, ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹಾಗೆ, ನಡುವೆ ಕುದುರೆ ನುಸುಳುವಷ್ಟು ಸಂದು. ವ್ಯತ್ಯಾಸ ಇರುವುದು ಹಿಂದೆ: ಸಿಯೆರಾ ನೆವಾಡ ಪರ್ವತಗಳು, ಅದರಲ್ಲಿ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ, ಹಿಮ ಹೊತ್ತುಕೊಂಡು. ಬಿಸಿಲು, ಬಂಡೆ, ಪರ್ವತ ಇವಕ್ಕೆಲ್ಲ ಬಾಡಿಗೆ ಕೊಡಬೇಕಿಲ್ಲವಲ್ಲ. ಬಡ ಬಜೆಟ್ಟಿನ ಚಿತ್ರಕ್ಕೆ ಸಿರಿವಂತ ಹಿನ್ನೆಲೆ ಸಿಕ್ಕಿದ್ದು ಹೀಗೆ. (ನಲವತ್ತು ವರ್ಷದ ಮೇಲೆ ಹಿಂದಿಯವರು ತಮ್ಮ ದೊಡ್ಡ ಡಕಾಯಿತರ ಚಿತ್ರಕ್ಕೆ ಬಂಡೆ ಹುಡುಕಿಕೊಂಡು ನಮ್ಮ ರಾಮನಗರಕ್ಕೆ ಬಂದದ್ದು ನೆನಪಾಗುತ್ತದೆ. ಬಂಡೆಗಳ ಮರೆಯಲ್ಲಿ ಕಥೆ ಹೇಳುವ ಆಸೆ ಎಲ್ಲ ಕಡೆಯೂ ಒಂದೇ ಇರಬೇಕು.)

ಆ ಕಾಲದ ಇಂಥ ಚಿತ್ರಗಳಲ್ಲಿ ಮೊದಲ ನಿಮಿಷದಿಂದ ಕುದುರೆ ಓಡುತ್ತಿರುತ್ತಿದ್ದವು. ಶರ್ಮನ್‌ನ ಚಿತ್ರ ನಿಧಾನ. ಜನ ಕೂತು ಮಾತಾಡುತ್ತಾರೆ, ಸಂಶಯ ಬೆಳೆಯುತ್ತದೆ, ಹಿನ್ನೆಲೆ ಸಂಗೀತ ಬಹುತೇಕ ಇರುವುದೇ ಇಲ್ಲ. ಗಾಳಿ, ಗೊರಸು, ಜೀನಿನ ಚರ್ಮದ ಕಿರುಗುಟ್ಟುವಿಕೆ ಅಷ್ಟೆ. ಕೊನೆಗೆ ಎಲ್ಲರೂ ಕುದುರೆ ಹತ್ತಿ ಬೆನ್ನಟ್ಟಿದಾಗ ಸಂಗೀತ ಒಮ್ಮೆಗೇ ಬಂದು ಬಡಿಯುತ್ತದೆ. ಸಂಗೀತ ಕಡಿಮೆಯಾದದ್ದಕ್ಕೆ ದುಡ್ಡು ಉಳಿಸುವುದೂ ಒಂದು ಕಾರಣ ಇದ್ದೀತು. ಆದರೆ ನನ್ನ ಮೈಮೇಲೆ ಮುಳ್ಳು ಎದ್ದದ್ದು ನಿಜ. ಅವ್ವ ನೋಡುತ್ತಿದ್ದದ್ದು ಆ ಮೌನದ ಭಾಗವನ್ನೇ, ಭಾಷೆ ಬೇಡದ ಭಾಗವನ್ನು.

ಈಗ ಆ ಬಿಳಿಗೂದಲಿನ ಮನುಷ್ಯನ ವಿಷಯ.

ವಿಲಿಯಂ ಬಾಯ್ಡ್ ಹುಟ್ಟಿದ್ದು 1895ರಲ್ಲಿ, ಒಹಾಯೊದಲ್ಲಿ. ಮೂಕಿ ಚಿತ್ರಗಳ ಕಾಲದಲ್ಲಿ ಹೆಸರಾಂತ ನಿರ್ದೇಶಕ ಸೆಸಿಲ್ ಬಿ. ಡಿಮಿಲ್‌ನ ಮೆಚ್ಚಿನ ನಾಯಕ. 1926ರ ‘ದಿ ವೋಲ್ಗಾ ಬೋಟ್‌ಮನ್’ ಅವನನ್ನು ದೊಡ್ಡ ತಾರೆ ಮಾಡಿತ್ತು. ಕೈತುಂಬ ದುಡ್ಡು, ಕುಡಿತ, ಪಾರ್ಟಿ ಎಲ್ಲ ನೋಡಿದವನು. ಹಾಲಿವುಡ್‌ನಲ್ಲಿ ಅದೇ ಹೆಸರಿನ ಇನ್ನೊಬ್ಬ ನಟ ಇದ್ದ, ನಾಟಕರಂಗದಿಂದ ಬಂದವನು. 1931ರಲ್ಲಿ ಆ ಇನ್ನೊಬ್ಬ ಬಾಯ್ಡ್‌ನ ಮನೆಗೆ ಪೊಲೀಸರು ನುಗ್ಗಿದರು. ಆರೋಪ ಜೂಜು, ಹೆಂಡ. ಮದ್ಯ ನಿಷೇಧ ಇನ್ನೂ ಜಾರಿಯಲ್ಲಿದ್ದ ಕಾಲ. ಮರುದಿನ ಪತ್ರಿಕೆಗಳಲ್ಲಿ ಸುದ್ದಿಯ ಪಕ್ಕ ಅಚ್ಚಾದದ್ದು ನಮ್ಮ ಬಾಯ್ಡ್‌ನ ಫೋಟೊ.

ತಿದ್ದುಪಡಿ ಹಾಕಿಸಿದರೆ ಆಗುತ್ತದೆಯೆ? ಆರ್‌ಕೆಒ ಸ್ಟುಡಿಯೊ ಒಪ್ಪಂದ ರದ್ದು ಮಾಡಿತು. ಹೆಸರಿನ ಗೊಂದಲ ತಪ್ಪಿಸಲು ಬಿಲ್ ಬಾಯ್ಡ್ ಎಂದು ಕರೆದುಕೊಂಡು ನೋಡಿದ. ಕೆಲಸ ಕಡಿಮೆಯಾಗುತ್ತಾ ಹೋಯಿತು, ಕೂಡಿಟ್ಟದ್ದು ಕರಗಿತು. ಮಾಡದ ತಪ್ಪಿಗೆ ತಲೆ ತಗ್ಗಿಸಿ ಓಡಾಡುವುದು ಎಷ್ಟು ಕಷ್ಟ ಎಂಬುದು ನನಗೆ ಸ್ವಲ್ಪ ಗೊತ್ತು. ಒಮ್ಮೆ ಕೆಲಸದ ಜಾಗದಲ್ಲಿ ಇನ್ನೊಬ್ಬರ ಲೆಕ್ಕದ ತಪ್ಪು ನನ್ನ ಹೆಸರಿಗೆ ಬಂದಿತ್ತು, ಹೆಸರು ಒಂದೇ ಆದ ಕಾರಣಕ್ಕೆ. ಎರಡೇ ವಾರದಲ್ಲಿ ಸರಿಹೋಯಿತು. ಆದರೂ ಕ್ಯಾಂಟೀನಿನಲ್ಲಿ ಜನ ಮಾತು ನಿಲ್ಲಿಸಿ ನನ್ನ ಕಡೆ ನೋಡಿದ್ದು ಇಂದಿಗೂ ಮರೆತಿಲ್ಲ. ಬಾಯ್ಡ್ ಇದನ್ನು ನಾಲ್ಕು ವರ್ಷ ಅನುಭವಿಸಿದ, ಇಡೀ ದೇಶದ ಮುಂದೆ.

ಆ ಇನ್ನೊಬ್ಬ ಬಾಯ್ಡ್ 1935ರ ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ವರ್ಷ ನಮ್ಮ ಬಾಯ್ಡ್‌ಗೆ ಶರ್ಮನ್‌ನ ಕರೆ ಬಂತು. ಮೊದಲಿಗೆ ಅವನಿಗೆ ಹಾಪಲಾಂಗ್‌ನ ಪಾತ್ರ ಅಂದುಕೊಂಡಿರಲಿಲ್ಲ, ಬೇರೊಂದು ಪಾತ್ರಕ್ಕೆ ಕೇಳಿದ್ದರು, ಇವನೇ ಅದನ್ನು ಬಯಸಿದ ಎಂದು ಹೇಳುತ್ತಾರೆ. ಕುದುರೆ ಸವಾರಿ ಅಷ್ಟಾಗಿ ಬಾರದ, ನಲವತ್ತು ಮುಟ್ಟಿದ, ಚಿಕ್ಕ ವಯಸ್ಸಿಗೇ ಕೂದಲು ನೆರೆತ ನಟ. ಕೆಂಗೂದಲಿನ ಒರಟ ದನಗಾಹಿಗೆ ಇಂಥವನನ್ನು ಯಾರು ಆರಿಸುತ್ತಾರೆ? ಆದರೆ ಆ ಮೊದಲ ಚಿತ್ರದಲ್ಲಿ ಅವನ ನಗು ನೋಡಿ. ಗಟ್ಟಿಯಾಗಿ, ಎದೆಯಿಂದ ಬರುವ ನಗು. ಬಹಳ ದಿನದಿಂದ ಮುಚ್ಚಿದ್ದ ಮನೆಯ ಕಿಟಕಿ ತೆರೆದ ಹಾಗೆ ನನಗೆ ಕೇಳಿಸಿತು.

ಒಂದು ಚಿತ್ರ ಗೆದ್ದ ಕೂಡಲೇ ಇನ್ನೊಂದು, ಮತ್ತೊಂದು. 1944ರ ಹೊತ್ತಿಗೆ ಶರ್ಮನ್ 54 ಚಿತ್ರ ತೆಗೆದಿದ್ದ, ಆಮೇಲೆ ಬಾಯ್ಡ್ ಸ್ವತಃ 12. ಒಟ್ಟು 66. ಮೊದಲ ಚಿತ್ರದಲ್ಲೇ ಸಾಯುವ ಮುದುಕ ಅಂಕಲ್ ಬೆನ್‌ನ ಪಾತ್ರ ಮಾಡಿದ ಜಾರ್ಜ್ ಹೇಸ್ ಜನಕ್ಕೆ ಅಷ್ಟು ಹಿಡಿಸಿಬಿಟ್ಟ, ಅವನನ್ನು ಬೇರೆ ಹೆಸರಿಟ್ಟು ವಿಂಡಿ ಎಂದು ಮತ್ತೆ ಕರೆತಂದರು. ಈ ನಡುವೆ ಹಾಪಲಾಂಗ್ ಸ್ವಚ್ಛವಾಗುತ್ತ ಹೋದ. ವಿಸ್ಕಿಯ ಬದಲು ಸಾರ್ಸಪರಿಲ್ಲ, ಅಂದರೆ ಬೇರಿನ ಶರಬತ್ತು. ಬೈಗುಳ ಹೋಯಿತು. ತಾನಾಗಿ ಮೊದಲು ಬಂದೂಕು ತೆಗೆಯುವುದಿಲ್ಲ. ಕರಿಯ ಬಟ್ಟೆ, ‘ಟಾಪರ್’ ಎಂಬ ಬಿಳಿ ಕುದುರೆ. ಕುಂಟು ಕೆಲವು ಚಿತ್ರಗಳಲ್ಲೇ ಸವೆದು ಕಾಣೆಯಾಯಿತು. ಹೆಸರು ಮಾತ್ರ ಕುಪ್ಪಳಿಸುತ್ತ ಉಳಿಯಿತು.

ಅವ್ವನ ತವರಿನ ಹತ್ತಿರ, ಕೆರೆ ಏರಿಯ ಪಕ್ಕದಲ್ಲಿ ಒಂದು ವೀರಗಲ್ಲಿದೆ. ದನ ಕದಿಯಲು ಬಂದವರ ಜೊತೆ ಹೋರಾಡಿ ಸತ್ತವನದು. ನಮ್ಮ ನಾಡಿನ ತುಂಬ ಇಂಥ ತುರುಗೊಳ್ ಕಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಎದುರಾಳಿಗಳು, ಹೋರಾಟ; ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ; ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಚಿಕ್ಕವನಿದ್ದಾಗ ಆ ಕಲ್ಲಿನ ಮೇಲೆ ಹತ್ತಿ ಕೂತು ಬೈಸಿಕೊಂಡಿದ್ದೇನೆ. ಈಗ ನೆನೆಸಿಕೊಂಡರೆ, ಮೇಲಿನ ಪಟ್ಟಿಕೆಗೆ ಬರುವಷ್ಟರಲ್ಲಿ ಆ ವೀರನ ಮೈಮೇಲೆ ಒಂದು ಗಾಯವೂ ಇಲ್ಲ. ಯಾವ ಊರಿನ ಕಲ್ಲಾದರೂ ಆ ಮುಖ ಒಂದೇ ಥರ. ಶಿಲ್ಪಿಗೆ ಅವನ ನಿಜವಾದ ಮೂಗು, ಮುರಿದ ಹಲ್ಲು ಗೊತ್ತಿದ್ದಿರಬಹುದು, ಕೆತ್ತಲಿಲ್ಲ. ಹಾಪಲಾಂಗ್‌ಗೂ ಹೀಗೇ ಆಯಿತು ಅಂದುಕೊಂಡೆ. 66 ಚಿತ್ರಗಳು ಎಂದರೆ 66 ಪಟ್ಟಿಕೆ.

ಮಲ್ಫರ್ಡ್‌ಗೆ ಇದು ಸಹಿಸಲಾಗಲಿಲ್ಲ. ಅಷ್ಟೊತ್ತಿಗೆ ಅವನು ಮೇಯ್ನ್ ರಾಜ್ಯದ ಫ್ರೈಬರ್ಗ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದ್ದ. ಚಿತ್ರಗಳಿಂದ ಅವನಿಗೆ ಹಣ ಬಂತು, ಹೆಸರು ಹೆಚ್ಚಿತು, ಆದರೆ ತೆರೆಯ ಮೇಲಿನವನು ತನ್ನವನಲ್ಲ ಎಂಬ ಬೇಸರ ಅವನನ್ನು ಬಿಡಲಿಲ್ಲ. ಅವನ ಪಕ್ಷ ನಾನು ಪೂರ್ತಿ ವಹಿಸುತ್ತೇನೆ. 17,000 ಕಾರ್ಡು ಬರೆದು ಕಟ್ಟಿದ ಮನುಷ್ಯನನ್ನು ಯಾರೋ ತೊಳೆದು, ಇಸ್ತ್ರಿ ಮಾಡಿ ಕುದುರೆ ಹತ್ತಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೆ?

ಇದಕ್ಕಿಂತ ಹೆಚ್ಚು ನೋವಾದದ್ದು ಮುಂದಿನದನ್ನು ಓದಿದಾಗ. 1940ರ ದಶಕದ ಕೊನೆಗೆ ಬಾಯ್ಡ್ ತನ್ನ ರಾಂಚನ್ನೂ ಮಾರಿ, ಸುಮಾರು 3,50,000 ಡಾಲರ್ ಹೊಂದಿಸಿ, ಪಾತ್ರದ ಮತ್ತು ಹಳೆಯ ಚಿತ್ರಗಳ ಹಕ್ಕುಗಳನ್ನು ಕೊಂಡುಕೊಂಡ. ದೊಡ್ಡ ಸ್ಟುಡಿಯೊಗಳು ಟೆಲಿವಿಷನ್ನನ್ನು ಶತ್ರು ಎಂದು ದೂರ ಇಟ್ಟಿದ್ದ ಕಾಲ ಅದು. ತೋರಿಸಲು ಏನೂ ಇಲ್ಲದೆ ಒದ್ದಾಡುತ್ತಿದ್ದ ಟಿವಿಯವರಿಗೆ ಬಾಯ್ಡ್ ತನ್ನ ಹಳೆಯ ಚಿತ್ರಗಳನ್ನು ಕತ್ತರಿಸಿ ಕೊಟ್ಟ. 1949ರ ಜೂನ್ 24ರಂದು ಎನ್‌ಬಿಸಿಯಲ್ಲಿ ಅವು ಶುರುವಾದವು. ಆಮೇಲೆ ನಡೆದದ್ದು ಜಾತ್ರೆ. 1950ರಲ್ಲಿ ಹಾಪಲಾಂಗ್ ಚಿತ್ರವಿದ್ದ ತಗಡಿನ ಊಟದ ಡಬ್ಬಿ ಬಂತು, ಮೊದಲ ವರ್ಷದಲ್ಲೇ 6,00,000 ಮಾರಾಟವಾಯಿತು. ಅದೇ ವರ್ಷ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವನು. ಹೊಸ ಕಾದಂಬರಿಗಳೂ ಬೇಕಾದವು. ಮಲ್ಫರ್ಡ್ ಬರೆಯುವುದು ನಿಲ್ಲಿಸಿದ್ದ. ಆಗಿನ್ನೂ ಹೆಸರು ಮಾಡದಿದ್ದ ಲೂಯಿ ಲಾಮೂರ್ ಎಂಬ ಲೇಖಕನಿಗೆ ಆ ಕೆಲಸ ಬಂತು. ಅವನು ಮಲ್ಫರ್ಡ್‌ನ ಕೆಂಗೂದಲಿನ ಒರಟನನ್ನೇ ಬರೆಯಲು ಬಯಸಿದ. ಪ್ರಕಾಶಕರು ಒಪ್ಪಲಿಲ್ಲ, ಮಕ್ಕಳಿಗೆ ಗೊತ್ತಿರುವುದು ಬಾಯ್ಡ್, ಬಾಯ್ಡ್‌ನನ್ನೇ ಬರೆ ಎಂದರು. ಟೆಕ್ಸ್ ಬರ್ನ್ಸ್ ಎಂಬ ಬೇರೆ ಹೆಸರಲ್ಲಿ ನಾಲ್ಕು ಪುಸ್ತಕ ಬರೆದುಕೊಟ್ಟ ಲಾಮೂರ್, ಮುಂದೆ ಪಶ್ಚಿಮದ ಕಥೆಗಳಿಗೆ ಅಮೆರಿಕದಲ್ಲೇ ಹೆಸರಾದ ಮೇಲೂ ಅವು ತನ್ನವು ಎಂದು ಬದುಕಿರುವವರೆಗೆ ಒಪ್ಪಿಕೊಳ್ಳಲಿಲ್ಲ.

ಕಾದಂಬರಿಯಿಂದ ಸಿನಿಮಾ ಹುಟ್ಟಿತು, ಕೊನೆಗೆ ಕಾದಂಬರಿಯೇ ಸಿನಿಮಾದ ಹಾಗೆ ನಡೆಯಬೇಕಾಯಿತು. ಇದನ್ನು ಓದಿದ ರಾತ್ರಿ ನನಗೆ ಬಾಯ್ಡ್ ಮೇಲೆ ಸಿಟ್ಟು ಬಂದಿತ್ತು.

ಸಿಟ್ಟು ಉಳಿಯಲಿಲ್ಲ. ಆ ಮನುಷ್ಯ ಯಾಕೆ ಕುಡಿಯದ, ಬೈಯದ, ಕಲೆಯಿಲ್ಲದ ಹಾಪಲಾಂಗ್‌ನನ್ನು ಹಟ ಹಿಡಿದು ಕಟ್ಟಿದ ಎಂದು ಯೋಚಿಸಿದರೆ, ನನಗೆ ಮತ್ತೆ ಮತ್ತೆ ಕಾಣುವುದು 1931ರ ಆ ಪತ್ರಿಕೆಯ ಫೋಟೊ. ಹೆಂಡ, ಜೂಜು ಎಂದು ಅವನ ಮುಖದ ಪಕ್ಕ ಅಚ್ಚಾಗಿತ್ತಲ್ಲ, ಅವೆರಡನ್ನೂ ಅವನು ಪಾತ್ರದಿಂದ ಒರೆಸಿ ಹಾಕಿದ. ಹೀಗೆಂದು ಅವನೇ ಹೇಳಿದ್ದು ಎಲ್ಲೂ ಓದಿಲ್ಲ, ಇದು ನನ್ನ ಊಹೆ. ಆದರೆ ಪಾತ್ರ ಬದಲಾದ ಹಾಗೆ ಮನುಷ್ಯನೂ ಬದಲಾದ ಎಂಬುದಕ್ಕೆ ಅವನ ಬದುಕೇ ಇದೆ. ಹಳೆಯ ಪಾರ್ಟಿಗಳು ನಿಂತವು. 1937ರಲ್ಲಿ ನಟಿ ಗ್ರೇಸ್ ಬ್ರ್ಯಾಡ್ಲಿಯನ್ನು ಮದುವೆಯಾದ, ಅದು ಅವನ ಐದನೆಯ ಮದುವೆ, ಸಾಯುವವರೆಗೂ ಉಳಿದದ್ದು ಅದೊಂದೇ. ಮಕ್ಕಳು ನೋಡುತ್ತಿದ್ದಾರೆ ಎಂಬ ಎಚ್ಚರದಲ್ಲೇ ಕಡೆಯವರೆಗೂ ಓಡಾಡಿದ.

ಈಗಲೂ ನನಗೆ ಹೆಚ್ಚು ಇಷ್ಟ ಆ ಮೊದಲ ಚಿತ್ರವೇ. ಮಲ್ಫರ್ಡ್‌ನ ಗಾಯಾಳು ಮತ್ತು ಬಾಯ್ಡ್‌ನ ಸಜ್ಜನ ಇಬ್ಬರೂ ಒಂದೇ ಮೈಯೊಳಗೆ ಇದ್ದ ಗಂಟೆ ಅದೊಂದೇ. ಅವನು ಬಂಡೆಗೆ ಕೈಯೂರಿ, ಒಂದು ಕಾಲು ಎಳೆದುಕೊಂಡು ಬರುವಾಗ ಇಬ್ಬರೂ ಕಾಣುತ್ತಾರೆ.

ಇಷ್ಟೆಲ್ಲ ಓದಿ, ಅವ್ವ ಊರಿಗೆ ಹೊರಡುವ ಹಿಂದಿನ ದಿನ ಕೂತು ಹೇಳಿದೆ. ಬ್ರೂಕ್ಲಿನ್‌ನ ಗುಮಾಸ್ತ, ತಪ್ಪು ಫೋಟೊ, ಊಟದ ಡಬ್ಬಿ. ಎಣ್ಣೆ ತಿಕ್ಕುತ್ತ ಕೇಳಿದಳು. ‘ಕಡೀಕ ಏನಾತು ಅಂವಗ?’ ಅಂದಳು.

ಅದೂ ಓದಿದ್ದೆ. 1960ರ ದಶಕದ ಕೊನೆಯಲ್ಲಿ ಬಾಯ್ಡ್‌ಗೆ ಗಡ್ಡೆಯ ಆಪರೇಷನ್ ಆಯಿತು. ಆಮೇಲೆ ಅವನು ಯಾರಿಗೂ ಫೋಟೊ ತೆಗೆಯಲು ಬಿಡಲಿಲ್ಲ, ಸಂದರ್ಶನ ಕೊಡಲಿಲ್ಲ. ತನ್ನನ್ನು ನೋಡಿ ಬೆಳೆದವರು ನೆಟ್ಟಗೆ ನಡೆಯುತ್ತಿದ್ದ ಹಾಪಲಾಂಗ್‌ನನ್ನೇ ನೆನಪಿಟ್ಟುಕೊಳ್ಳಲಿ ಎಂದು. 1972ರಲ್ಲಿ ತೀರಿಕೊಂಡ.

ಅವ್ವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಮೆಲ್ಲಗೆ ಎದ್ದು ಕುರ್ಚಿಯ ಮೇಲೆ ಕೂತಳು.

‘ಅಂವಾ ಕುಂಟತಾನಲ್ಲ, ಆ ಸಿನಿಮಾ ಹಚ್ಚು’ ಅಂದಳು.